ಅತ್ತೆಯ ಕಡೆಯ ಕಿಟಕಿ

"ನಾನು ಬರಲ್ಲ ಕಣಮ್ಮ, ನೀವು ಹೋಗಿ ಬನ್ನಿ. ನನಗೆ ಮೊಣಕಾಲು ನೋವು," ಎಂದರು ಅತ್ತೆ ಫೋನಿನಲ್ಲಿ.

"ಮೊನ್ನೆ ಗುಡ್ಡ ಹತ್ತಿ ಸೊಪ್ಪು ಕಿತ್ಕೊಂಡು ಬಂದ್ರಂತೆ?"

"ಹತ್ತೋಕೆ ಆಗುತ್ತೆ, ಕಾರಲ್ಲಿ ಕೂರೋಕೆ ಆಗಲ್ಲ." ಆಮೇಲೆ, "ಹುಡುಗನ ಮನೆಯವರು ಒಳ್ಳೊಳ್ಳೆ ಬಟ್ಟೆ ಹಾಕ್ಕೊಂಡು ಬಂದಿರ್ತಾರೆ. ಅವರ ಪಕ್ಕ ನಾನ್ಯಾಕೆ," ಎಂದು ಸೇರಿಸಿದರು.

ಮೊಣಕಾಲಿಗೂ ಬಟ್ಟೆಗೂ ಏನು ಸಂಬಂಧ ಎಂದು ಬೇರೆ ಯಾರಾದರೂ ಕೇಳುತ್ತಿದ್ದರು. ಹೇರಾನ್ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು. ಫೋನ್ ಇಟ್ಟ ಮೇಲೂ ಕೈ ಅದರ ಮೇಲೇ ಇತ್ತು.

ಮರುದಿನ ಚುಂಚೋನ್ ನಗರದಲ್ಲಿ ಎರಡೂ ಮನೆಯವರು ಒಟ್ಟಿಗೆ ಕೂತು ಊಟ ಮಾಡಿ, ಬೊರಾಮಳ ಮದುವೆಯ ಮಾತು ಆಡಬೇಕಿತ್ತು. ಬೊರಾಮ್ ಹೇರಾನಳ ಒಬ್ಬಳೇ ಮಗಳು. ಹೆತ್ತದ್ದು ಹೇರಾನ್, ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದ್ದು ಅತ್ತೆ. ಅಜ್ಜಿಯಿಲ್ಲದ ಆ ಊಟದಲ್ಲಿ ಮಗಳು ಹೇಗೆ ಕೂತಿರುತ್ತಾಳೆ, ಅಜ್ಜಿ ಯಾಕೆ ಬರಲಿಲ್ಲ ಎಂದು ಕೇಳಿದರೆ ತಾನು ಯಾವ ಮುಖ ಇಟ್ಟುಕೊಂಡು ಉತ್ತರ ಕೊಡುವುದು?

ಹೇರಾನ್ ಕಡಲ ದಡದ ಊರು ಗಂಗ್‌ನುಂಗಿನ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಹಗಲು ನೂರಾರು ಮಕ್ಕಳಿಗೆ ಅನ್ನ, ಸಾರು, ಕರಿದ ಮೀನು. ಸಂಜೆ ಮನೆಗೆ ಬಂದರೆ ಮತ್ತೆ ಅನ್ನ, ಸಾರು. ಎಣ್ಣೆಯ ಹೊಗೆ ಕೂದಲಿಗೆ ಹತ್ತಿ ಕೂತಿತ್ತು. ಬಸ್ಸಿನಲ್ಲಿ ಪಕ್ಕದವರು ಮುಖ ಆಚೆ ತಿರುಗಿಸಿದರೆ, ಅವರು ಏನೂ ಹೇಳುವ ಮೊದಲೇ ಎದ್ದು ಹೋಗಿ ಬಾಗಿಲ ಬಳಿ ನಿಲ್ಲುತ್ತಿದ್ದಳು. ಮೈವಾಸನೆಯೆಂದು ದೂರ ಸರಿಸಿದರೆ ಹೇಗಿರುತ್ತದೆಂದು ಅಂಥವಳಿಗೆ ಮೊದಲೇ ತಿಳಿಯಬೇಕಿತ್ತು. ಬೇರೆ ಯಾರಿಗೆ ತಿಳಿಯದಿದ್ದರೂ ಅವಳಿಗೆ ತಿಳಿಯಬೇಕಿತ್ತು.

ಮದುವೆಯಾದ ಹೊಸದರಲ್ಲೇ ಅವಳ ಗಂಡ ದೊಕ್‌ಸು ಕೆಲಸ ಹಂಚಿಬಿಟ್ಟಿದ್ದ: "ಮನೆ ಒಳಗಿನದು ನಿಂದು, ಹೊರಗಿನದು ನಂದು." ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯ ಮನೆಗೆ ಹೊರಗು ಅನ್ನುವುದು ಏನಿತ್ತು? ಕಾರು ಒಂದೇ. ಅದನ್ನು ಅವನು ಬಹಳ ಗಂಭೀರವಾಗಿ ನೋಡಿಕೊಳ್ಳುತ್ತಿದ್ದ. ವಸಂತ ಬಂದು ಪೈನ್ ಮರಗಳ ಹಳದಿ ಪರಾಗದ ಪುಡಿ ಊರಿನ ಮೇಲೆಲ್ಲ ಉದುರುವ ಹೊತ್ತಿಗೆ, "ಎಸಿ ಫಿಲ್ಟರ್ ಬದಲಾಯಿಸಿ ಬರ್ತೀನಿ" ಎಂದು ಕೆಳಗಿಳಿಯುತ್ತಿದ್ದ. ಒಂದು ಗಂಟೆ ಬಿಟ್ಟು ಸಿಳ್ಳೆ ಹಾಕುತ್ತ ಬಂದು, ಬಹಳ ಹೊತ್ತು ಸೋಪು ಹಚ್ಚಿ ಕೈ ತೊಳೆಯುತ್ತಿದ್ದ. ದಣಿದು ಬಂದಿದ್ದಾನೆಂದು ಅವಳು ಪೇರುಹಣ್ಣು ಹೆಚ್ಚಿ ಕೊಡುತ್ತಿದ್ದಳು.

ಕಾರು ಹಳೆಯದಾಗುತ್ತ ಬಂದ ಹಾಗೆ ಒಳಗೆ ಒಂದು ವಾಸನೆ ಶುರುವಾಯಿತು. ಎಸಿ ಹಾಕಿದರೆ ಒದ್ದೆ ಗೋಣಿಚೀಲದ ವಾಸನೆ, ಹೀಟರ್ ಹಾಕಿದರೆ ಮೀನಿನದು. ಮೊದಲು ಮೂಗು ಮುಚ್ಚಿಕೊಂಡವಳು ಬೊರಾಮ್.

"ಥೂ! ಅಮ್ಮಾ, ಕಾರಲ್ಲಿ ಏನು ಚೆಲ್ಲಿದ್ದೀಯ? ನಿನ್ನ ಕಿಮ್ಚಿ ಡಬ್ಬಿನಾ?"

"ನನ್ನ ಡಬ್ಬಿ ಸೋರಲ್ಲ ಕಣೇ. ನಿನ್ನೆ ಅಜ್ಜಿನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ. ವಯಸ್ಸಾದವರು, ಏನ್ಮಾಡೋಕಾಗುತ್ತೆ?"

ಆ ಮಾತು ಎಷ್ಟು ಸಲೀಸಾಗಿ ಬಾಯಿಂದ ಬಿದ್ದಿತ್ತು! ತನ್ನ ಮೇಲೆ ಬಂದದ್ದನ್ನು ಪಕ್ಕಕ್ಕೆ ಸರಿಸಿದ್ದಳು, ಅಷ್ಟೇ. ಸರಿಸಿದ ಮೇಲೆ ಅದನ್ನೇ ನಂಬಿದಳು.

ಆ ಚಳಿಗಾಲ ಒಂದು ದಿನ ಅತ್ತೆ ಪಕ್ಕದಲ್ಲಿ ಕೂತಿದ್ದರು. ಹೀಟರ್ ಹಾಕಿದ್ದೇ ತಡ, ವಾಸನೆ ಗಪ್ಪೆಂದು ಹೊಡೆಯಿತು. ಹೇರಾನ್ ಗುಂಡಿ ಒತ್ತಿ ಅತ್ತೆಯ ಕಡೆಯ ಕಿಟಕಿ ಇಳಿಸಿದಳು. ಕಡಲ ಗಾಳಿ ಚುಚ್ಚುತ್ತ ಒಳಗೆ ನುಗ್ಗಿತು. ಅತ್ತೆ ಕುತ್ತಿಗೆಯ ಬಟ್ಟೆ ಬಿಗಿಮಾಡಿಕೊಂಡು ನಕ್ಕರು.

"ವಯಸ್ಸೆಲ್ಲ ಮೀನು ಒಣಗಿಸೋ ಅಂಗಳದಲ್ಲೇ ದುಡಿದೆ ನೋಡು. ಮೈ ಬಿಟ್ಟು ಹೋಗೇ ಇಲ್ಲ ಅದು."

ಇಲ್ಲ ಅತ್ತೆ, ಹಾಗೇನಿಲ್ಲ ಎನ್ನಬಹುದಿತ್ತು. ಹೇರಾನ್ ಅಂದದ್ದು, "ಚಳಿ ಆದ್ರೆ ಹೇಳಿ."

ಅಲ್ಲಿಂದ ಮುಂದೆ ಅತ್ತೆ ಕಾರು ಹತ್ತಿದರೆ ಬೆಲ್ಟ್ ಹಾಕುವ ಮೊದಲೇ ತಮ್ಮ ಕಡೆಯ ಕಿಟಕಿ ತಾವೇ ಇಳಿಸುತ್ತಿದ್ದರು. ಆಮೇಲೆ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗತೊಡಗಿದರು. ಅವರ ಬಚ್ಚಲಲ್ಲಿ ಮುದುಕರ ಮೈವಾಸನೆಗೆ ಒಳ್ಳೆಯದೆಂದು ಮಾರುವ ಪರ್ಸಿಮನ್ ಹಣ್ಣಿನ ಸೋಪು ಕಂಡಾಗ ಹೇರಾನ್, ಅಂತೂ ಅವರಿಗೇ ತಿಳಿಯಿತಲ್ಲ ಎಂದು ನಿರಾಳವಾಗಿದ್ದಳು.

ಫೋನ್ ಇಟ್ಟವಳು ಬಕೆಟ್ಟು, ಬಟ್ಟೆ ಹಿಡಿದು ಕೆಳಗಿಳಿದಳು. ಕಾರನ್ನಾದರೂ ತಿಕ್ಕಿ ತೊಳೆದರೆ ಅತ್ತೆಯನ್ನು ಇನ್ನೊಮ್ಮೆ ಕೇಳಲು ಧೈರ್ಯ ಬಂದೀತು ಎಂದು. ಡಿಕ್ಕಿಯಲ್ಲಿ ದೊಕ್‌ಸುವಿನ ಬ್ರಷ್ಷು, ಮೇಣದ ಡಬ್ಬಿಗಳನ್ನು ಎತ್ತಿಡುವಾಗ ತಳದಲ್ಲಿ ಒಂದು ಚಪ್ಪಟೆ ಪೆಟ್ಟಿಗೆ ಸಿಕ್ಕಿತು. ಹೊಸ ಎಸಿ ಫಿಲ್ಟರ್. ಅಂಟುಪಟ್ಟಿ ಬಿಚ್ಚಿರಲಿಲ್ಲ. ಪೆಟ್ಟಿಗೆಯ ಬಣ್ಣವೇ ಮಾಸಿತ್ತು.

ಬದಲಾಯಿಸುವುದು ಹೇಗೆಂದು ಹಿಂದುಗಡೆ ಚಿತ್ರವಿತ್ತು. ಶಾಲೆಯ ಒಲೆಗಳ ಮೇಲಿನ ಹೊಗೆ ಜಾಲರಿಗಳನ್ನು ಬಿಚ್ಚಿ, ಜಿಡ್ಡು ಕೆರೆದು, ಮತ್ತೆ ಕೂರಿಸುವವಳಿಗೆ ಇದೇನು ಮಹಾ? ಡ್ಯಾಶ್‌ಬೋರ್ಡಿನ ಖಾನೆಯಲ್ಲಿದ್ದುದನ್ನೆಲ್ಲ ಸೀಟಿನ ಮೇಲೆ ಸುರಿದಳು. ಒಳಗೆ ಎರಡೂ ಪಕ್ಕ ಬಿರಡೆಯಂಥ ಪ್ಲಾಸ್ಟಿಕ್ ತಡೆಗಳು. ತಿರುಗಿಸಿ ಎಳೆದಳು. ಖಾನೆ ಪೂರ್ತಿ ಕೆಳಕ್ಕೆ ಜೋತುಬಿತ್ತು. ಅದರ ಹಿಂದಿನಿಂದ ಏನೋ ಜಾರಿ ಅವಳ ಕಾಲ ಬಳಿ ಬಿತ್ತು.

ಒಣಮೀನು. ಹೊಟ್ಟೆಗೆ ನೂಲು ಸುತ್ತಿತ್ತು. ಒಂದು ಕಾಲದ ಬಿಳಿ ನೂಲು ಈಗ ಬೂದಿ ಬಣ್ಣ. ಮೀನಿನ ಒಂದು ಮಗ್ಗುಲು ತೇವ ಹಿಡಿದು ಕಪ್ಪಾಗಿ ಮೆತ್ತಗಾಗಿತ್ತು.

ಕಾರು ಹೊಸದಾಗಿ ಬಂದ ದಿನ ಅತ್ತೆ ಹಳೆಯ ವಾಡಿಕೆಯಂತೆ ಅಂಗಳದ ಸಾಲುಸಾಲು ಮೀನುಗಳಲ್ಲಿ ಕಣ್ಣು ಬಾಯಿ ಮುಕ್ಕಾಗದ ಒಂದನ್ನು ಆರಿಸಿ, ನೂಲು ಸುತ್ತಿ, ಚಕ್ರಗಳಿಗೆ ಅಕ್ಕಿ ಹೆಂಡ ಸುರಿದು, ಕೈ ಉಜ್ಜಿ ಬೇಡಿಕೊಂಡು ಮಗನ ಕೈಗೆ ಕೊಟ್ಟಿದ್ದರು. "ಇದು ಕಾರಲ್ಲಿ ಇರೋವರೆಗೂ ನಿನ್ನ ಮೈಗೆ ಒಂದು ಗೀರು ಬೀಳಲ್ಲ ಮಗಾ." ಆ ಮೀನು ಏನಾಯಿತೆಂದು ಆಮೇಲೆ ಯಾರೂ ಕೇಳಿರಲಿಲ್ಲ.

ಹೇರಾನ್ ಒಳಗಿನ ಮುಚ್ಚಳ ತೆಗೆದು ಫಿಲ್ಟರನ್ನು ಹೊರಗೆಳೆದಳು. ಅದರ ಮಡಿಕೆಗಳಲ್ಲಿ ವರ್ಷವರ್ಷಗಳ ಹಳದಿ ಪುಡಿ ಹುರಿಹಿಟ್ಟಿನ ಹಾಗೆ ಗಟ್ಟಿಯಾಗಿತ್ತು. ಪೈನ್ ಎಲೆಗಳು, ಯಾವುದೋ ಹುಳುವಿನ ರೆಕ್ಕೆ, ಅಂಚಿನುದ್ದಕ್ಕೂ ಕರಿ ಬೂಸ್ಟು. ಮೂಗಿಗೆ ಹಿಡಿದಳು. ಒದ್ದೆ ಗೋಣಿಚೀಲ. ಮೀನನ್ನು ಹಿಡಿದು ನೋಡಬೇಕಾಗಿಯೇ ಇರಲಿಲ್ಲ.

ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಯಾರಾದರೂ ನೋಡಿದರೇ ಎಂದು ಅತ್ತಿತ್ತ ನೋಡಿದಳು.

ಹೊಸ ಫಿಲ್ಟರಿನ ಬಾಣದ ಗುರುತು ಕೆಳಮುಖವಾಗಿರುವಂತೆ ತೂರಿಸಿ, ಮುಚ್ಚಳ ಟಕ್ಕೆಂದು ಕೂರಿಸುವ ಹೊತ್ತಿಗೆ ದೊಕ್‌ಸು ಊಟಕ್ಕೇನು ಎಂದು ಕೇಳಲು ಇಳಿದುಬಂದ. ಅವಳ ಕಾಲ ಬಳಿ ಬಿದ್ದಿದ್ದ ಮೀನನ್ನು ನೋಡಿ ಅಲ್ಲೇ ನಿಂತ.

"ಬಿಚ್ಚಿಬಿಟ್ಯಾ?"

"ಬೊರಾಮ್ ಅಪ್ಪಾ, ಇದು ಇಲ್ಲಿಗೆ ಹೇಗೆ ಬಂತು?"

"ಆಫೀಸಿನವರು ಕಾರು ಹತ್ತುತ್ತಿದ್ರು. ಮೀನು ನೋಡಿ ನಗೋರು. ಬಿಸಾಡೋಣ ಅಂದ್ರೆ ಭಯ, ಅಮ್ಮ ಬೇಡಿಕೊಂಡು ಕೊಟ್ಟಿದ್ದು. ಅದಕ್ಕೆ ಕಾಣದ ಹಾಗೆ ಒಳಗೆ ಸೇರಿಸಿದೆ."

"ಮತ್ತೆ ಫಿಲ್ಟರು?"

"ಅದನ್ನ ತೆಗೀಬೇಕು ಅಂದ್ರೆ ಇದರ ಮುಖ ನೋಡಬೇಕಲ್ಲ. ಈ ಸಲ ಬೇಡ, ಮುಂದಿನ ಸಲ ಅಂತ..."

"ಅಷ್ಟು ವರ್ಷ ಗಂಟೆಗಟ್ಟಲೆ ಕೆಳಗೆ ಏನ್ಮಾಡ್ತಿದ್ರಿ?"

ಅವನು ಕಿವಿ ಕೆರೆದುಕೊಂಡ. "ಕೂತಿರ್ತಿದ್ದೆ. ರೇಡಿಯೋ ಕೇಳ್ಕೊಂಡು."

ಅವಳಿಗೆ ಹೆಚ್ಚಿಕೊಟ್ಟ ಪೇರುಹಣ್ಣುಗಳೆಲ್ಲ ನೆನಪಾದವು. "ವಾಸನೆ ನಿಮ್ಮ ಮೂಗಿಗೆ ಬಡೀತಿರ್ಲಿಲ್ವಾ?"

"ಬಡೀತಿತ್ತು. ಆದ್ರೆ ನೀವೆಲ್ಲ ಅಮ್ಮಂದು ಅಂದ್ರಲ್ಲ. ನಾನು ಸುಮ್ಮನಾದೆ."

ಬಾಯಿ ತುಂಬ ಬಂದಿದ್ದ ಬೈಗುಳವನ್ನು ಹೇರಾನ್ ಅಲ್ಲೇ ನುಂಗಿದಳು. ಹೆತ್ತ ತಾಯಿಯ ಹೆಸರಿನ ಹಿಂದೆ ಅಡಗಿ ಕೂತವನು ಇವನು, ಸರಿ. ಆದರೆ ಆ ಹೆಸರನ್ನು ಮೊದಲು ಎತ್ತಿದವರು ಯಾರು? ವಾಸನೆ ಬಂತೆಂದರೆ ಅದು ಯಾವ ಹೆಂಗಸಿನದು ಎಂದು ಹುಡುಕಿದಳೇ ಹೊರತು, ಗಂಡಸು ಮಾಡಿದೆನೆಂದ ಒಂದೇ ಒಂದು ಕೆಲಸ ಆಗಿದೆಯೋ ಇಲ್ಲವೋ ಎಂದು ಒಮ್ಮೆಯೂ ನೋಡಲಿಲ್ಲ.

"ನಾಳೆ ಬೆಳಿಗ್ಗೆ ಮೊದಲು ಅತ್ತೆ ಮನೆಗೆ. ಮೀನಿಂದು ನೀವು ಹೇಳಿ."

"ನೀನೇ ಹೇಳೇ, ನೀನಾದ್ರೆ ನಯವಾಗಿ ಹೇಳ್ತೀಯ."

"ನಾನು ಹೇಳಬೇಕಾಗಿರೋದು ಬೇರೆ ಇದೆ. ನಿಮ್ಮದನ್ನೂ ನಾನು ಹೊರಲ್ಲ."

ಬೆಳಿಗ್ಗೆ ಅತ್ತೆ ಜಗಲಿಯಲ್ಲಿ ಹಳೆಯ ಹೂವಿನ ಪ್ಯಾಂಟಿನಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ದೊಕ್‌ಸು ಟವೆಲಿನಲ್ಲಿ ಸುತ್ತಿದ್ದುದನ್ನು ಅವರ ಮುಂದಿಟ್ಟು, ನೆಲ ನೋಡುತ್ತ, ತಡವರಿಸುತ್ತ ಹೇಳಿದ. ಅತ್ತೆ ಟವೆಲ್ ಬಿಡಿಸಿ ಮೀನಿನ ತಲೆಯ ಮೇಲಿನ ಧೂಳು ಒರೆಸಿದರು.

"ಕಣ್ಣು ಇನ್ನೂ ಹಾಗೇ ಇದೆ ನೋಡು. ಒಳ್ಳೆ ಮೀನೇ ಆರಿಸಿದ್ದೆ," ಎಂದರು. ಆಮೇಲೆ, "ನಗ್ತಿದ್ರಾ ಅವರು?"

"ಹೂಂ ಅಮ್ಮ."

"ಹೇಳಿದ್ರೆ ನಾನೇ ವಾಪಸ್ ಇಸ್ಕೊಳ್ತಿದ್ದೆನಲ್ಲೋ."

ದೊಕ್‌ಸು ಕಾರಿನ ಕಡೆ ನಡೆದುಬಿಟ್ಟ. ಹೇರಾನ್ ಜಗಲಿಯ ಕೆಳಗೆ ಮಂಡಿಯೂರಿದಳು.

"ಅತ್ತೆ, ಆ ಚಳಿಗಾಲ ಕಿಟಕಿ ಇಳಿಸಿದ್ದೆನಲ್ಲ. ವಾಸನೆ ನಿಮ್ಮದು ಅಂತಲೇ ಇಳಿಸಿದ್ದು. ಬೊರಾಮ್‌ಗೂ ಹಾಗೇ ಹೇಳಿದ್ದೆ."

"ಗೊತ್ತು." ಅತ್ತೆ ಇನ್ನೊಂದು ಬೆಳ್ಳುಳ್ಳಿ ಎಸಳು ಬಿಡಿಸಿದರು. ಆಮೇಲೆ ಕೈ ನಿಂತಿತು. "ಅಂದ್ರೆ, ನನ್ನದಲ್ವಾ ಅದು?"

"ಅಲ್ಲ ಅತ್ತೆ."

"ಸರಿಯಾಗಿ ನೋಡಿ ಹೇಳು." ಅವರು ಕಾಲರ್ ಸರಿಸಿ ಕುತ್ತಿಗೆ ಮುಂದೆ ಚಾಚಿದರು. ಆಸ್ಪತ್ರೆಯಲ್ಲಿ ಡಾಕ್ಟರಿಗೆ ತೋರಿಸುವಂತೆ, ನಂಬಲಾರದೆ, ಕಾಯುತ್ತ.

ಹೇರಾನ್ ಬಗ್ಗಿದಳು. ಸೋಪಿನ ವಾಸನೆ ಬಿಟ್ಟರೆ ಏನೂ ಇಲ್ಲ. ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಗಳಲ್ಲಿ, ಒರಟು ಬಟ್ಟೆಯಿಂದ ತಿಕ್ಕಿ ತಿಕ್ಕಿ ಚರ್ಮ ಕೆಂಪಗೆ ಸುಲಿದುಹೋಗಿತ್ತು. ಅವಳು ತಲೆ ಎತ್ತಲಾರದೆ ಹಾಗೇ ಬಗ್ಗಿದ್ದಳು.

"ಏನು? ಬರುತ್ತಾ?"

"ಇಲ್ಲ ಅತ್ತೆ. ಏನೂ ಬರಲ್ಲ."

"ನಿನ್ನ ತಲೇಲಿ ಎಣ್ಣೆ ಹೊಗೆ ವಾಸನೆ ಬರುತ್ತೆ," ಎಂದರು ಅತ್ತೆ. "ಹೊಸ ಬೀಗರ ಊಟಕ್ಕೆ ಹೋಗೋಳು, ತಲೆಗೆ ಸ್ನಾನ ಮಾಡಿಲ್ವಾ?"

"ಮಾಡಿದ್ದೀನಿ. ಹೋಗಲ್ಲ ಅದು."

"ಹೂಂ. ಇಷ್ಟು ದಿನ ನಾನು ಯಾವತ್ತಾದ್ರೂ ಅಂದಿದ್ನಾ?" ಎಂದು ಕೇಳಿ ಅತ್ತೆ ಎದ್ದು ಬಟ್ಟೆ ಬದಲಿಸಲು ಒಳಗೆ ಹೋದರು. ಅವರು ಅಂದಿರಲಿಲ್ಲ.

ಬೂದು ಬಣ್ಣದ ರೇಷ್ಮೆ ಜಾಕೆಟ್ಟು ತೊಟ್ಟು ಬಂದು ಅತ್ತೆ ಮುಂದೆ ಕೂತರು. ದೊಕ್‌ಸು ಹಿಂದೆ, ಮೀನನ್ನು ತೊಡೆಯ ಮೇಲಿಟ್ಟುಕೊಂಡು. ಅದನ್ನು ಎಲ್ಲಿಡುವುದೆಂದು ಅಮ್ಮ ಹೇಳಿರಲಿಲ್ಲ, ಕೇಳಲು ಅವನಿಗೆ ಬಾಯಿರಲಿಲ್ಲ. ಹೇರಾನ್ ಕಾರು ಚಾಲೂ ಮಾಡಿ ಫ್ಯಾನ್ ಹಾಕಿದಳು. ಗಾಳಿ ತಣ್ಣಗೆ, ಯಾವ ವಾಸನೆಯೂ ಇಲ್ಲದೆ ಬಂತು.

ಅತ್ತೆಯ ಕೈ ಬೆಲ್ಟಿಗಿಂತ ಮೊದಲು ಗುಂಡಿಗೆ ಹೋಯಿತು. ಕಿಟಕಿ ಕೆಳಗಿಳಿಯಿತು.

"ಮುಚ್ಚಿ ಅತ್ತೆ, ಹಳದಿ ಪುಡಿ ಒಳಗೆ ಬರುತ್ತೆ. ಜಾಕೆಟ್ಟು ಹಾಳಾಗುತ್ತೆ."

"ಅಯ್ಯೋ, ಹೌದಲ್ಲ," ಎಂದು ಅವರು ಮೇಲೇರಿಸಿದರು. ಗುಡ್ಡದ ತಿರುವು ಬರುವಷ್ಟರಲ್ಲಿ ಕಿಟಕಿ ಮತ್ತೆ ಒಂದು ಬೆರಳಗಲ ಇಳಿದಿತ್ತು. ಹೇರಾನ್ ನೋಡಿ, ಮತ್ತೆ ರಸ್ತೆಯ ಕಡೆ ಕಣ್ಣಿಟ್ಟಳು.