ಕಣ್ಣಿಲ್ಲದ ಮೀನು

ಖೂ ಬೂನ್ ಸಿಯಾಂಗ್ ಅವರು ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ, ಎಲೆಕ್ಟ್ರಾನಿಕ್ ಚಿಪ್ಪುಗಳನ್ನು ರೂಪಿಸುವ ನಮ್ಮ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಒಂದೇ ಕೆಲಸ ಮಾಡಿದರು. ಬ್ಯಾಟರಿ ಉಳಿಯಲೆಂದು ಚಿಪ್ಪಿನ ಲೆಕ್ಕ ಮಾಡುವ ಭಾಗವನ್ನು ಮುಕ್ಕಾಲು ವೋಲ್ಟಿನ ಆಸುಪಾಸಿನಲ್ಲಿ ನಡೆಸುತ್ತೇವೆ. ಹೊರಗಿನ ಭಾಗಕ್ಕೆ ಮೂರು ವೋಲ್ಟ್ ಬೇಕು. ಕೆಳಗಿನ ಸಂಕೇತವನ್ನು ಮೇಲಕ್ಕೆ ದಾಟಿಸಲು ನಡುವೆ ಟ್ರಾನ್ಸಿಸ್ಟರುಗಳ ಒಂದು ಮೆಟ್ಟಿಲು ಇರಬೇಕು. ಆ ಮೆಟ್ಟಿಲನ್ನು ರೂಪಿಸುವುದೇ ಅವರ ಕೆಲಸ. ಕಚೇರಿಗೆಲ್ಲ ಅವರು ಅಣ್ಣ, ಸಿಯಾಂಗ್ ಕೋ. ತಮಿಳರ ಮನೆಯವನಾದ ನಾನು ಅವರಿಗೆ ತಂಬಿ.

೨೦೦೪ರಲ್ಲಿ ಅವರು ರೂಪಿಸಿದ ಆರು ಟ್ರಾನ್ಸಿಸ್ಟರುಗಳ ಮೆಟ್ಟಿಲು ಆಮೇಲಿನ ನಮ್ಮ ಎಲ್ಲ ಚಿಪ್ಪುಗಳಿಗೂ ಹೋಯಿತು. ಅದರ ಮೂಲೆಯಲ್ಲಿ, ಎಲ್ಲಕ್ಕಿಂತ ಮೇಲಿನ ಲೋಹದ ಪದರದಲ್ಲಿ, ಒಂದು ಮೀನಿತ್ತು. ಖಾಲಿ ಜಾಗ ಸಿಕ್ಕಲ್ಲಿ ಗುಟ್ಟಾಗಿ ಚಿತ್ರ ಬಿಡಿಸುವುದು ನಮ್ಮ ಕಸುಬಿನವರ ಹಳೆಯ ಚಾಳಿ. ಒಬ್ಬ ದುರಿಯನ್ ಹಣ್ಣು ಬಿಡಿಸಿದ್ದ, ಇನ್ನೊಬ್ಬ ಮ್ಯಾನೇಜರರ ಹೊಟ್ಟೆ. ಸಿಯಾಂಗ್ ಕೋ ಬಿಡಿಸಿದ್ದು ಮಗಳು ಮೇ ಶಿನ್ ಶಾಲೆಯ ಪುಸ್ತಕದಲ್ಲಿ ಬರೆದಿದ್ದ ಮೀನನ್ನು. ಅದರ ಹಿಂದಿನ ವರ್ಷ, ಏಳು ತುಂಬಿದ್ದ ಆ ಹುಡುಗಿ ಡೆಂಗಿ ಜ್ವರ ಬಂದ ಐದೇ ದಿನಕ್ಕೆ ತೀರಿಕೊಂಡಿದ್ದಳು.

ಅವರ ಚೀನೀ ಪದ್ಧತಿಯಲ್ಲಿ ಹಿರಿಯರು ಕಿರಿಯರ ಶವದ ಹಿಂದೆ ನಡೆಯುವಂತಿಲ್ಲ, ಅವರಿಗೆ ಊದುಬತ್ತಿ ಹಿಡಿಯುವಂತಿಲ್ಲ. ಹಿರೀಕರ ಪೀಠದಲ್ಲಿ ಅಂಥ ಮಗುವಿನ ಹೆಸರಿಗೆ ಜಾಗವೂ ಇಲ್ಲ. ಅವರ ಒಡಹುಟ್ಟಿದ ಅಣ್ಣನ ಮಕ್ಕಳು ಅವಳನ್ನು ಒಯ್ದಾಗ ಇವರು ಅಡುಗೆಮನೆಯಲ್ಲಿ ಗೋಡೆಗೆ ಮುಖಮಾಡಿ ಕೂತಿದ್ದರಂತೆ. ಪ್ರತಿ ವರ್ಷ ಅವಳ ಹುಟ್ಟಿದ ದಿನ, ಆಗಸ್ಟ್ ಒಂಬತ್ತರಂದು, ಒಂದು ಚಿಪ್ಪನ್ನು ಸೂಕ್ಷ್ಮದರ್ಶಕದಡಿ ಇಟ್ಟು ಸ್ವಲ್ಪ ಹೊತ್ತು ನೋಡಿ, ಎದ್ದು ಊಟಕ್ಕೆ ಹೋಗುತ್ತಿದ್ದರು. ನನಗೂ ಒಮ್ಮೆ ತೋರಿಸಿದ್ದರು. ಮೀನಿಗೆ ಕಣ್ಣಿರಲಿಲ್ಲ. ಮಗಳು ಕಣ್ಣು ಬರೆದಿದ್ದಳಂತೆ, ಆದರೆ ಲೋಹದಲ್ಲಿ ಅಷ್ಟು ಸಣ್ಣ ರಂಧ್ರ ನಮ್ಮ ಚಿಪ್ಪು ತಯಾರಿಸುವ ಆಗಿನ ಕಾರ್ಖಾನೆಗೆ ಸಾಧ್ಯವಿರಲಿಲ್ಲ.

ಕಳೆದ ವರ್ಷ ಹೊಸ ಗಿರಾಕಿಯೊಬ್ಬರು ಬಂದರು. ರಕ್ತದ ಪ್ಲಾಸ್ಮಾ ಸಾಗಿಸುವ ಪೆಟ್ಟಿಗೆಗಳ ಶೀತವನ್ನು ದಾಖಲಿಸುವ ಚಿಪ್ಪು ಅವರಿಗೆ ಬೇಕಿತ್ತು. ಪೆಟ್ಟಿಗೆಯೊಳಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ. ಒಳಗೆ ಕೂಡಿಸಿದ ಬ್ಯಾಟರಿ ಬದಲಿಸದೆ ಐದು ವರ್ಷ ಬಾಳಬೇಕು. ಹಳೆಯ ಮೆಟ್ಟಿಲನ್ನೇ ಹಾಕುವುದೆಂದು ತೀರ್ಮಾನವಾಗಿತ್ತು. ಯಾರೂ ಹೇಳದಿದ್ದರೂ ಸಿಯಾಂಗ್ ಕೋ ಅದನ್ನು ಆ ಚಳಿಯಲ್ಲಿಟ್ಟು ಕಂಪ್ಯೂಟರಿನಲ್ಲಿ ಪರೀಕ್ಷಿಸಿದರು. ಮಾರ್ಚ್ ಹನ್ನೊಂದು, ಮಂಗಳವಾರ, ಅದು ಸೋತದ್ದು ಕಂಡಿತು.

ಆ ಮೆಟ್ಟಿಲೊಳಗೆ ನಡೆಯುವುದು ಹಗ್ಗಜಗ್ಗಾಟ. ಮೇಲಿನ ಎರಡು ಟ್ರಾನ್ಸಿಸ್ಟರುಗಳು ಒಂದನ್ನೊಂದು ಹಿಡಿದು ನಿಂತಿರುತ್ತವೆ. ಸಂಕೇತ ಬಂದಾಗ ಕೆಳಗಿನದು ಎಳೆದು ಆ ಹಿಡಿತ ಬಿಡಿಸಬೇಕು. ಅಷ್ಟು ಕಡಿಮೆ ವೋಲ್ಟಿನಲ್ಲಿ ಚಳಿ ಹೆಚ್ಚಿದರೆ ಕೆಳಗಿನದರ ಕಸುವು ಉಡುಗುತ್ತದೆ. ಯಾರೂ ಗೆಲ್ಲದೆ ನಡುದಾರಿಯಲ್ಲೇ ನಿಂತು, ಬ್ಯಾಟರಿ ಸುಮ್ಮನೆ ಸೋರುತ್ತದೆ. ೨೦೦೪ರಲ್ಲಿ ಅವರು ಸೊನ್ನೆ ಡಿಗ್ರಿಗೇ ಪರೀಕ್ಷೆ ನಿಲ್ಲಿಸಿದ್ದರು. ಸೊನ್ನೆಯೇ ಅತಿಯಾಯಿತೆಂದು ಆಗ ನಾವೆಲ್ಲ ನಕ್ಕಿದ್ದೆವು. ಈ ದ್ವೀಪದವರಿಗೆ ಗೊತ್ತಿರುವ ಚಳಿ ಕಚೇರಿಯ ಎ.ಸಿ.ಯದು ಮಾತ್ರ.

ಗುರುವಾರದ ಸಭೆಯಲ್ಲಿ ನಮ್ಮ ಮುಖ್ಯಸ್ಥೆ ನೊರ್ಲಿಜಾ, ವಯಸ್ಸಿನಲ್ಲಿ ಅವರಿಗಿಂತ ಬಹಳ ಕಿರಿಯಳು, ಎಂದಿನಂತೆ ಅವರನ್ನು ಮಲಯ ಭಾಷೆಯಲ್ಲಿ ಅಣ್ಣನೆಂದು ಕರೆದು ಛೇಡಿಸಿದಳು.

"ಏನ್ ಅಬಾಂಗ್, ಇಪ್ಪತ್ತು ವರ್ಷ ಓಡಿದ ಕುದುರೇಲಿ ಈಗ ಕುಂಟು ಹುಡುಕ್ತಿದ್ದೀರಲ್ಲ?"

"ಫ್ರಿಜ್ಜೊಳಗೆ ಓಡಿಸಿ ನೋಡಿರ್ಲಿಲ್ಲಮ್ಮ."

ಅವಳಿಗೆ ಮೀನಿನ ಸಂಗತಿ ಗೊತ್ತಿತ್ತು. ಹೊಸದಾಗಿ ರೂಪಿಸುವ ಯಾವುದರಲ್ಲೂ ಚಿತ್ರ ಇರಕೂಡದೆಂದು ಕಾರ್ಖಾನೆ ನಿಯಮ ಮಾಡಿತ್ತು. ಹಳೆಯ ಮೆಟ್ಟಿಲಿಗೆ ಮಾತ್ರ ವಿನಾಯಿತಿ. ಆದ್ದರಿಂದ ಅವಳೇ ಒಂದು ದಾರಿ ಹೇಳಿದಳು: ಹಳೆಯದನ್ನೇ ಇಟ್ಟುಕೊಂಡು ಕೆಳಗಿನ ವೋಲ್ಟನ್ನು ಒಂದಕ್ಕೆ ಏರಿಸಿದರೆ ಚಳಿಯಲ್ಲೂ ನಡೆಯುತ್ತದೆ. ಬ್ಯಾಟರಿ ಮೂರೂವರೆ ವರ್ಷಕ್ಕಿಳಿಯುತ್ತದೆ, ಗಿರಾಕಿಯನ್ನು ತಾನು ಒಪ್ಪಿಸುತ್ತೇನೆ ಎಂದಳು. ಸಿಯಾಂಗ್ ಕೋ ಆ ಅಂಕಿಗಳನ್ನು ಬರೆದುಕೊಂಡು ಎದ್ದರು.

ಮಧ್ಯಾಹ್ನ ಗೂಡಂಗಡಿಯಲ್ಲಿ ಕಪ್ಪು ಕಾಫಿ ತಣಿಯುತ್ತಿತ್ತು. ನೊರ್ಲಿಜಾ ಹೇಳಿದಂತೆಯೇ ಮಾಡಿ ಎಂದು ನಾನು ಒತ್ತಾಯಿಸಿದೆ. ಅವರು ಚಮಚವನ್ನು ಬಸಿಯ ಅಂಚಿಗೆ ನೇರವಾಗಿಟ್ಟರು.

"ಐದು ವರ್ಷ ಆಗೋದನ್ನ ಮೂರೂವರೆಗೆ ಇಳಿಸಿದ್ದು ಯಾಕೆ ಅಂತ ಯಾರಾದ್ರೂ ಕೇಳಿದ್ರೆ ಏನ್ ಹೇಳ್ಲಿ ತಂಬಿ? ನನ್ನ ಮಗಳ ಮೀನಿದೆ ಅಂತ ಹೇಳ್ಲಾ?"

ನಾನು ಕಾಫಿಯ ದುಡ್ಡು ಎಣಿಸಿ ಮೇಜಿನ ಮೇಲಿಟ್ಟೆ.

"ಈಗಿನ ಯಂತ್ರಕ್ಕೆ ಆ ಕಣ್ಣು ಬರುತ್ತೆ. ಅಳತೆ ಹಾಕಿ ನೋಡ್ದೆ," ಎಂದರು.

ಹೊಸ ಮೆಟ್ಟಿಲಿಗೆ ಒಂಬತ್ತು ದಿನ ಹಿಡಿಯಿತು. ಮೇಲಿನ ಜೋಡಿಯ ಹಿಡಿತ ಸಡಿಲಿಸಲು ಇನ್ನೆರಡು ಟ್ರಾನ್ಸಿಸ್ಟರು ಸೇರಿಸಿದರು, ಒಟ್ಟು ಎಂಟು. ಸೊನ್ನೆಯ ಕೆಳಗೆ ನಲವತ್ತರವರೆಗೂ ಅದು ಎಡವಲಿಲ್ಲ. ಮೀನಿದ್ದ ಜಾಗದಲ್ಲಿ, ನಿಯಮ ಹೇಳಿದಂತೆ, ಒಂದೇ ಅಳತೆಯ ಲೋಹದ ಚೌಕಗಳನ್ನು ತುಂಬಿದರು. ಅದನ್ನು ತಂತ್ರಾಂಶ ತಾನೇ ಮಾಡುತ್ತದೆ. ಅವರು ಒಂದೊಂದನ್ನೂ ಕೈಯಾರೆ ಇಟ್ಟರು. ಅದಕ್ಕೆ ಇಡೀ ಒಂದು ಬೆಳಗು ಹೋಯಿತು.

ಪರಿಶೀಲನೆಯ ನಮೂನೆ ನನ್ನ ಮೇಜಿಗೆ ಬಂತು. ಬದಲಾವಣೆಗಳ ಅಂಕಣದಲ್ಲಿ ಅವರು ಬರೆದ ಎರಡು ಸಾಲುಗಳಿದ್ದವು. ಒಂದು: ಟ್ರಾನ್ಸಿಸ್ಟರು ಎರಡು ಸೇರಿಸಲಾಗಿದೆ. ಎರಡು: ಮೂಲೆಯ ಆಕೃತಿ ತೆಗೆಯಲಾಗಿದೆ, ಅದಕ್ಕೆ ಯಾವ ಕೆಲಸವೂ ಇರಲಿಲ್ಲ.

ಎರಡನೆಯ ಸಾಲಿನ ಕೊನೆಯ ಭಾಗವನ್ನು ಪೆನ್ನಿನಿಂದ ಹೊಡೆದುಹಾಕಿ, ಕೆಳಗೆ ಸಹಿ ಮಾಡಿದೆ. ಆ ವರ್ಷದ ಆಗಸ್ಟ್ ಒಂಬತ್ತರಂದು ಅವರು ಸೂಕ್ಷ್ಮದರ್ಶಕದ ಕೋಣೆಗೆ ಬರಲಿಲ್ಲ. ಅವರಿಗೆಂದು ಮೀನಿರುವ ಹಳೆಯ ಚಿಪ್ಪೊಂದನ್ನು ತೆಗೆದಿರಿಸಿದ್ದೆ. ಅದು ಇನ್ನೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ.