ದೇವರ ಪೆಟ್ಟಿಗೆ ಸೇರಿದ ಎರಡನೇ ಭಾಗ

ಗುಹೆಯೊಳಗೆ ಸಿಕ್ಕಿಕೊಂಡ ಹುಡುಗಿಯ ವಿಚಾರ ಕೇಳಿಸಿಕೊಂಡು ಜಂಬಕ್ಕನಿಗೆ ತಲೆ ಚಿಟ್ಟು ಹಿಡಿದಿತ್ತು. ಹುಡುಗಿ ನಿಜದವಳೇನಲ್ಲ. ಹೆಸರು ಮಿಣುಕಿ, ವಯಸ್ಸು ಹದಿನಾಲ್ಕು, ಬಂಡೆಗಳ ಜೊತೆ ಮಾತಾಡುವ ಮಾಯಾವಿದ್ಯೆ ಬಲ್ಲವಳು. ಜಂಬಕ್ಕ ತನ್ನ ಮೊದಲ ಕಾದಂಬರಿಯ ಕೊನೆಯ ಪುಟದಲ್ಲಿ ಅವಳನ್ನು ಗುಹೆಗೆ ಕಳಿಸಿ, ಗುಹೆಯ ಬಾಯಿಗೆ ಬಂಡೆ ಮುಚ್ಚಿಸಿ, ಉಳಿದದ್ದು ಎರಡನೇ ಭಾಗದಲ್ಲಿ ಎಂದು ಬರೆದು ಕೈ ತೊಳೆದುಕೊಂಡಿದ್ದಳು. ಅದಾಗಿ ಎರಡು ವರ್ಷ. ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಹೈಸ್ಕೂಲು ಹುಡುಗಿಯರು ಮುಂದೇನಾಯಿತೆಂದು ಸುತ್ತುವರಿಯುತ್ತಿದ್ದರು. ಕಾನಹೊಸಹಳ್ಳಿ ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಡುವ ಮೊದಲು, ಆ ಕೂಸನ್ನು ಇನ್ನೂ ಎಷ್ಟು ದಿನ ಉಪವಾಸ ಕೆಡವುತ್ತೀರಿ ಎಂದು ಕೇಳುತ್ತಿದ್ದ. ಅವನ ಮಗಳು ಊಟದ ಹೊತ್ತಿಗೆಲ್ಲ ಅದನ್ನೇ ಕೇಳುತ್ತಾಳಂತೆ.

ಜಂಬಕ್ಕ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುವವಳು. ಪಹಣಿ ತಿದ್ದುಪಡಿ, ಜಾತಿ ಪ್ರಮಾಣಪತ್ರ, ಅಣ್ಣತಮ್ಮಂದಿರ ಬದುವಿನ ತಕರಾರು, ದಿನವಿಡೀ ಊರವರ ಗೋಳನ್ನೇ ಕುಟ್ಟುತ್ತಿದ್ದಳು. ತನ್ನ ಕಥೆಯನ್ನು ಮಾತ್ರ ಕೈಯಲ್ಲೇ ಬರೆಯುತ್ತಿದ್ದಳು. ಕಂಪ್ಯೂಟರ್ ಮುಂದೆ ಕೂತರೆ ‘ಮಾನ್ಯರೇ’ ಬಿಟ್ಟು ಬೇರೆ ಮಾತೇ ಹುಟ್ಟುವುದಿಲ್ಲ ಎನ್ನುವುದು ಅವಳ ದೂರು. ಹೀಗೆ ಎರಡು ದಪ್ಪ ನೋಟ್‌ಬುಕ್ ತುಂಬಿ ಎರಡನೇ ಭಾಗ ಮುಗಿದಿತ್ತು. ಯುಗಾದಿಯೊಳಗೆ ಕಳಿಸದಿದ್ದರೆ ಈ ವರ್ಷ ಅಚ್ಚಾಗುವುದಿಲ್ಲ, ಮುಂದಿನ ವರ್ಷದ ಮಾತು ಕೊಡಲಾರೆ ಎಂದು ಹೊಸಪೇಟೆಯ ಪ್ರಕಾಶಕರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಭಾನುವಾರ ಕೂತು ಟೈಪ್ ಮಾಡೋಣವೆಂದು ಅಟ್ಟದ ಮೇಲೆ ಕೈಹಾಕಿದರೆ ನೋಟ್‌ಬುಕ್ಕುಗಳೇ ಇಲ್ಲ.

ಅತ್ತೆ ಬೊಮ್ಮಮ್ಮ ಏನೂ ಮುಚ್ಚಿಡಲಿಲ್ಲ. ಅದರಲ್ಲಿ ಮಾಟ ಮಂತ್ರ ಇತ್ತು, ಅಂಥದ್ದು ಮನೆಯಲ್ಲಿ ಇರಬಾರದು, ಪೂಜಾರಿ ಓಬಳೇಶಪ್ಪನಿಗೆ ಕೊಟ್ಟು ದೇವರ ಪೆಟ್ಟಿಗೆಗೆ ಹಾಕಿಸಿದ್ದೇನೆ ಎಂದು ಶೇಂಗಾ ಸುಲಿಯುತ್ತಲೇ ಹೇಳಿಬಿಟ್ಟಳು.

ಜಂಬಕ್ಕನ ಪಿತ್ತ ನೆತ್ತಿಗೇರಿತು. ಸುಟ್ಟಿದ್ದರೆ ಅತ್ತು ಸುಮ್ಮನಾಗಬಹುದಿತ್ತು. ಇದು ಹಾಗಲ್ಲ. ಅವರ ಕುಲದ ದೇವರು ಬಿದಿರ ಪೆಟ್ಟಿಗೆಯಲ್ಲಿ ಇರುವಂಥದ್ದು. ಹಲವಾಗಲಿನ ಹೊಳೆಗೆ ಹೊತ್ತುಕೊಂಡು ಹೋಗಿ ಗಂಗೆಪೂಜೆ ಮಾಡುವಾಗ ಮಾತ್ರ ಪೆಟ್ಟಿಗೆ ಬಿಚ್ಚುತ್ತಾರೆ, ಅದೂ ಐದು ವರ್ಷಕ್ಕೊಮ್ಮೆ. ಮನೆಗೆ ಯಾರೋ ಮಾಟ ಮಾಡಿಸಿದ್ದಾರೆಂದು ಅನುಮಾನ ಬಂದರೆ ಸಿಕ್ಕಿದ ತಾಯಿತವನ್ನೋ ಗೊಂಬೆಯನ್ನೋ ಹಗ್ಗ ಸಡಿಲಿಸಿ ಸಂದಿಯಿಂದ ಒಳಕ್ಕೆ ತೂರಿಸುವುದು ವಾಡಿಕೆ. ತೂರಿಸಬಹುದು, ತೆಗೆಯುವ ಹಾಗಿಲ್ಲ. ಹೋದ ವರ್ಷವಷ್ಟೇ ದೇವರು ಹೊಳೆಗೆ ಹೋಗಿ ಬಂದಿತ್ತು.

ಓಬಳೇಶಪ್ಪ ಒಳ್ಳೆಯ ಮನುಷ್ಯ, ಅದೇ ತಾಪತ್ರಯ. ಬೈಯೋಣವೆಂದರೆ ಬಾಳೆಹಣ್ಣು ಕೊಟ್ಟು ಕೂರಿಸಿದ. ಅದು ಕಥೆ ಕಣಪ್ಪಾ, ಮಂತ್ರವೆಲ್ಲ ನಾನೇ ಅಡುಗೆ ಮಾಡುತ್ತಾ ಹುಟ್ಟಿಸಿದ್ದು ಎಂದು ಜಂಬಕ್ಕ ವಿವರಿಸಿದಳು. ಎಲ್ಲ ಮಂತ್ರವನ್ನೂ ಯಾರೋ ಒಬ್ಬರು ಹುಟ್ಟಿಸಿದ್ದೇ ಅಲ್ಲವೇ ಎಂದ ಆತ. ಬೇಕಾದರೆ ದೇವರನ್ನೇ ಕೇಳೋಣವೆಂದು ಪೆಟ್ಟಿಗೆಗೆ ಒದ್ದೆ ಮಾಡಿದ ಸೇವಂತಿಗೆ ಎಸಳು ಅಂಟಿಸಿದ. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಎಸಳು ಎತ್ತಲೂ ಬೀಳಲಿಲ್ಲ, ಅಲ್ಲೇ ಒಣಗಿತು. ದೇವರು ಯೋಚನೆ ಮಾಡುತ್ತಿದೆ, ನಾಳೆ ಬಾ ಎಂದ. ಮೂರು ದಿನ ಅಂಗಡಿಗೆ ರಜೆ ಹಾಕಿ ಹೋದಳು. ಮೂರನೇ ದಿನ ಎಸಳು ಎಡಕ್ಕೆ ಬಿತ್ತು. ಕಂಡಕ್ಟರಿಗಾದರೂ ಏನೋ ಒಂದು ಸಬೂಬು ಹೇಳಬಹುದು, ಈ ದೇವರಿಗೆ ಏನು ಹೇಳುವುದು?

ಗಂಡ ಮೌನೇಶ್ ಗೂಡ್ಸ್ ಆಟೋ ಓಡಿಸುವವನು. ನೀನೇ ಬರೆದದ್ದಲ್ಲವೇ, ಇನ್ನೊಂದು ಸಲ ಬರೆ ಎಂದು ಸಲೀಸಾಗಿ ಹೇಳಿ ಈರುಳ್ಳಿ ಹೇರಲು ಹೊರಟ. ಆ ಗಳಿಗೆಯಲ್ಲಿ ಜಂಬಕ್ಕನಿಗೆ ಒಂದೇ ಒಂದು ಮಂತ್ರವಾದರೂ ನಿಜಕ್ಕೂ ಗೊತ್ತಿದ್ದರೆ ಮೌನೇಶನ ಗತಿ ನೆಟ್ಟಗಿರುತ್ತಿರಲಿಲ್ಲ.

ಬೇರೆ ದಾರಿ ಇರಲಿಲ್ಲ, ಹೊಸ ನೋಟ್‌ಬುಕ್ ತಂದು ಕೂತಳು. ಮಿಣುಕಿ ಗುಹೆಯಿಂದ ಹೇಗೆ ಬಂದಳೆಂಬುದೇ ಸರಿಯಾಗಿ ನೆನಪಾಗಲೊಲ್ಲದು. ತಲೆ ಕೆಡಿಸಿಕೊಂಡು, ಗೂಬೆ ಬಂದ ಮೇಲೆ ಬಂಡೆ ಸರಿಯಿತು ಎಂದು ಗೊಣಗುತ್ತಾ ಬರೆಯುತ್ತಿದ್ದಾಗ ಮೂಲೆಯಿಂದ ಬೊಮ್ಮಮ್ಮನ ದನಿ ಬಂತು.

“ಗೂಬಿ ಆಮ್ಯಾಲ ಬರೋದು. ಮೊದ್ಲು ಕರಡಿ ಬರ್ತೈತಿ.”

ಜಂಬಕ್ಕ ತಿರುಗಿ ನೋಡಿದಳು. ಬೊಮ್ಮಮ್ಮನಿಗೆ ಓದು ಬಾರದು. ಆದರೆ ಮಧ್ಯಾಹ್ನ ಹೊತ್ತು ಹೋಗದಾಗ ಪಕ್ಕದ ಮನೆಯ ಸೊಸೆ ರೋಜಾಳ ಕೈಯಲ್ಲಿ ಎರಡೂ ನೋಟ್‌ಬುಕ್ಕನ್ನು ಪೂರ್ತಿ ಓದಿಸಿಕೊಂಡಿದ್ದಳು. ಬೀಸುವ ಪದ, ದೇವರ ಪದ ರಾತ್ರಿಗಟ್ಟಲೆ ಹೇಳುತ್ತಿದ್ದ ಮುದುಕಿ ಅದು. ಒಮ್ಮೆ ಕಿವಿಗೆ ಬಿದ್ದದ್ದು ಅಳಿಸುವುದಿಲ್ಲ. ಎಲ್ಲ ನೆನಪಿಟ್ಟುಕೊಂಡು, ತಾನು ಮೂರು ದಿನ ಪೂಜಾರಿಯ ಮನೆಗೆ ಅಲೆಯುವಾಗ ತುಟಿ ಪಿಟಕ್ಕೆನ್ನದೆ ಕೂತಿದ್ದಳಲ್ಲ ಎಂದು ಜಂಬಕ್ಕನಿಗೆ ಮೈಯೆಲ್ಲ ಉರಿಯಿತು. ಆದರೂ ಪೆನ್ನು ಹಿಡಿದಳು. ಯುಗಾದಿಗೆ ಇನ್ನು ಹದಿನೈದೇ ದಿನ.

ಹನ್ನೊಂದು ದಿನ ಅತ್ತೆ ಹೇಳಿದಳು, ಸೊಸೆ ಬರೆದಳು. ನಡುನಡುವೆ ಜಗಳವೂ ಆಯಿತು. ಹನ್ನೆರಡನೇ ದಿನ ಕರಿಕಂಬಳಿ ಮಾಟಗಾತಿಯ ಅಧ್ಯಾಯ ಬಂತು. ಇಡೀ ಪುಸ್ತಕದಲ್ಲಿ ಜಂಬಕ್ಕ ಒಂದೇ ಬೀಸಿಗೆ ಬರೆದು ಮುಗಿಸಿದ್ದ ಅಧ್ಯಾಯ ಅದು. ಮಾಟಗಾತಿ ಹೊಸದಾಗಿ ಸಿಕ್ಕಿದ ಹುಡುಗಿಯನ್ನು ಹಿಟ್ಟಿನ ಮಡಕೆಯ ಮುಂದೆ ನಿಲ್ಲಿಸಿ ರೊಟ್ಟಿ ಎಣಿಸುತ್ತಾಳೆ. ಹುಡುಗಿ ತವರಿನಿಂದ ತಂದ ಪುಸ್ತಕಗಳನ್ನು ಒಲೆಗೆ ಹಾಕುತ್ತಾಳೆ. ಬೊಮ್ಮಮ್ಮ ಶೇಂಗಾ ಬಿಟ್ಟು, ಒಂದಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹೇಳುತ್ತಾ ಹೋದಳು. ಮಾಟಗಾತಿಯ ಬೈಗುಳವನ್ನು ಅದೇ ರಾಗದಲ್ಲಿ ಹೇಳಿದಳು. ಮದುವೆಯಾದ ಹೊಸತರಲ್ಲಿ ಜಂಬಕ್ಕ ಇದೇ ಒಲೆಯ ಮುಂದೆ ಕೇಳಿದ್ದ ರಾಗ ಅದು.

ಜಂಬಕ್ಕನ ಪೆನ್ನು ನಿಂತಿತು. ಮಾಟ ಮಂತ್ರಕ್ಕೆ ಹೆದರಿ ಪೆಟ್ಟಿಗೆಗೆ ಹಾಕಿದ್ದಲ್ಲ ಎಂಬುದು ಆಗ ತಿಳಿಯಿತು. ನಾಚಿಕೆಯಾಯಿತು, ಹಳೆಯ ಸಿಟ್ಟೂ ಹೋಗಲಿಲ್ಲ.

“ಇದನ್ನ ಬಿಟ್ಟುಬಿಡ್ಲೇನ್ರಿ, ಅತ್ತಿ?” ಎಂದು ಕೇಳಿದಳು.

ಬೊಮ್ಮಮ್ಮ ಸೊಸೆಯ ಮುಖ ನೋಡಲಿಲ್ಲ. ಮಡಿಲಲ್ಲಿದ್ದ ಸಿಪ್ಪೆಯನ್ನು ಮೊರಕ್ಕೆ ಕೊಡವಿಕೊಂಡಳು.

“ಸುಳ್ಳೇನು ಬರ್ದಿಲ್ಲಲ್ಲವಾ ನೀನು. ಊರಾಗಿನ ಹುಡುಗ್ರು ಓದೋದು ಬ್ಯಾಡಿತ್ತು, ಅಷ್ಟ. ಬರ್ಕೋ, ಮುಂದಿಂದು ಮರ್ತು ಹೋಗ್ತೈತಿ.”