ಸಿಸ್ಟರ್ ಮುಟ್ಟದ ಮಜ್ಜಿಗೆ

೧೯೬೭, ಏಪ್ರಿಲ್ ೯, ಭಾನುವಾರ. ಬೆಳಿಗ್ಗೆ ಏಳೂವರೆಗೆ ಪತ್ರಿಕೆಗೆ ಇದನ್ನು ಬರೆಯಲು ಕೂತಿದ್ದೇನೆ. ಅಕ್ಕಿ ಗಿರಣಿಗೆ ಇವತ್ತು ರಜ.

ನನ್ನ ಓದು ನಿಂತದ್ದು ೧೯೬೧ರ ಏಪ್ರಿಲ್ ೧೫, ಶನಿವಾರ ಮಧ್ಯಾಹ್ನ. ಆಗ ನಾವು ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಕೂಲಿ ಲೈನಿನಲ್ಲಿದ್ದೆವು. ನಾನು ಕಾನ್ವೆಂಟಿನಲ್ಲಿ ಎಂಟನೇ ಕ್ಲಾಸು ಪಾಸಾಗಿದ್ದೆ. ಇಷ್ಟು ಸಾಕು, ಕೆಲಸಕ್ಕೆ ಹೋಗಲಿ ಎಂದು ಅಮ್ಮನ ಮನಸ್ಸು ಅರ್ಧ ವಾಲಿತ್ತು. ಬಿಡಿಸಬೇಡಿ ಎಂದು ಕೇಳಲು ನಮಗೆ ಲೆಕ್ಕ ಹೇಳಿಕೊಡುತ್ತಿದ್ದ ಸಿಸ್ಟರ್ ಬಿಸಿಲಲ್ಲಿ ನಡೆದು ಬಂದರು. ಐರ್ಲೆಂಡಿನವರು. ಒಬ್ಬರೇ ಹೊರಗೆ ಬರುವಂತಿಲ್ಲವಾದ್ದರಿಂದ ಜೊತೆಗೆ ಇನ್ನೊಬ್ಬ ಸಿಸ್ಟರ್ ಇದ್ದರು.

ಅಮ್ಮ ಬೂದಿಕೋಟೆ ಕಡೆಯವಳು. ಮೇಲುಜಾತಿಯವರ ಜಗಲಿಯ ಕೆಳಗೆ ನಿಂತು, ಎತ್ತರದಿಂದ ಸುರಿದ ನೀರನ್ನು ಬೊಗಸೆಯೊಡ್ಡಿ ಕುಡಿದು ಬೆಳೆದವಳು. ಅವತ್ತು ಇಂಗು, ಕೊತ್ತಂಬರಿ ಹಾಕಿ ಮಜ್ಜಿಗೆ ಮಾಡಿದ್ದಳು. ನನ್ನ ಮದುವೆಗೆಂದು ಎತ್ತಿಟ್ಟಿದ್ದ ಸ್ಟೀಲ್ ಲೋಟ ಹೊರತೆಗೆದಳು.

"ಕುಡೀರಿ ಸಿಸ್ಟರಮ್ಮ. ಒಸಾ ಲೋಟ, ಯಾರೂ ಬಾಯಿಟ್ಟಿಲ್ಲ."

"ಬೇಡಮ್ಮ, ನನಗೆ ದಾಹ ಇಲ್ಲ" ಎಂದರು ಸಿಸ್ಟರ್. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಜೊತೆಗೆ ಬಂದವರು ನೆಲ ನೋಡುತ್ತಿದ್ದರು.

ಅಮ್ಮ ಮತ್ತೆರಡು ಸಲ ಹೇಳಿದಳು. ಅದೇ ಉತ್ತರ. ಆಮೇಲೆ ಸಿಸ್ಟರ್, ಇವಳಿಗೆ ತಲೆ ಇದೆ, ಓದಿಸಿದರೆ ಟೀಚರ್ ಆಗುತ್ತಾಳೆ ಎಂದದ್ದಕ್ಕೆಲ್ಲ ಅಮ್ಮ "ಆಯ್ತು, ಆಯ್ತು" ಎಂದಳು. ಅವರು ಲೈನು ದಾಟಿದ ಮೇಲೆ ಮಜ್ಜಿಗೆಯನ್ನು ಮೋರಿಗೆ ಸುರಿದಳು.

"ನೋಡಿದೇನೇ ನಿನ್ ಸಿಸ್ಟರಮ್ಮನ್ನ? ಮೈಲಿಗೆ ಆಗೋ ಮನೆ ಮಗಳ್ನ ಟೀಚರ್ ಮಾಡ್ತಾಳಂತೆ!"

"ಅಂಗಲ್ಲಮ್ಮ, ದಾಹ ಇಲ್ಲ ಅಂದ್ರಲ್ಲ."

"ಎಲ್ರೂ ಅಂಗೇ ಅನ್ನೋದು ಕಣೇ. ಓಗು, ಸೌದೆ ತತ್ತಾ."

ಜೂನ್‌ನಲ್ಲಿ ಸ್ಕೂಲು ತೆರೆದಾಗ ನಾನು ಹೋಗಲಿಲ್ಲ. ಬಂಗಾರಪೇಟೆಯ ಗಿರಣಿಯಲ್ಲಿ ಅಕ್ಕಿ ಕೇರತೊಡಗಿದೆ. ಸಿಸ್ಟರ್ ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಹೋದ ವಾರ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕಾನ್ವೆಂಟಿನ ಹಳೆಯ ಅಡಿಗೆಯಾಕೆ ಸಿಕ್ಕಳು. ಮಾತಿಗೆ ಮಾತು ಬಂದು ಮಜ್ಜಿಗೆಯ ವಿಷಯ ಹೇಳಿದೆ. ಆಕೆ ನಕ್ಕುಬಿಟ್ಟಳು.

"ಅಯ್ಯೋ ಪೆದ್ದಿ! ಆಗೆಲ್ಲ ಅವ್ರು ಒರಗಿನೋರ ಮುಂದೆ ಒಂದು ಗುಟುಕೂ ಬಾಯಿಗಿಡಂಗಿರ್ಲಿಲ್ಲ. ಬೇಯಿಸಿ ಆಕಿದ ನಾನೇ ಅವ್ರು ಉಂಡಿದ್ದು ಕಂಡಿಲ್ಲ. ಈಗ ರೂಲು ಸಡ್ಲ ಆಗೈತೆ, ಕಂಡೋರ ಮನೇಲೆಲ್ಲ ಕಾಫಿ ಕುಡೀತಾರೆ. ನಿನ್ ಸಿಸ್ಟರ್ ಮಾತ್ರ ಇಲ್ಲ. ಓದ್ವರ್ಷನೇ ಅವ್ರ ದೇಶಕ್ಕೆ ಕಳಿಸಿಬಿಟ್ರು."

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಮೊರದಿಂದ ತಲೆ ಎತ್ತಲಿಲ್ಲ.

"ರೂಲು ಅಂತ ಬಾಯ್ಬಿಟ್ಟು ಯೋಳಕ್ಕೇನಾಗಿತ್ತು? ನಮ್ಮೂರೋರ್ದೂ ರೂಲೇ ಅಲ್ವೇನೇ?"

ಅಮ್ಮನ ಮೇಲೆ ಸಿಟ್ಟಿದೆ, ಸಿಸ್ಟರ್ ಮೇಲೆ ಅದಕ್ಕಿಂತ ಹೆಚ್ಚು. ನನ್ನ ಓದಿಗಿಂತ ದೊಡ್ಡದಾಗಿದ್ದ ನಿಯಮವನ್ನು ಈಗ ಯಾರೋ ಸುಲಭವಾಗಿ ತೆಗೆದುಹಾಕಿದ್ದಾರೆ.

ಆ ಜೂನ್‌ನಲ್ಲಿ ನಮ್ಮ ಕಾನ್ವೆಂಟಿನ ಒಂಬತ್ತನೇ ಕ್ಲಾಸಿಗೆ ಕೂತವರು ಯಾರಾದರೂ ಇದನ್ನು ಓದಿದರೆ ಈ ಪತ್ರಿಕೆಗೆ ಬರೆದು ತಿಳಿಸಿ: ಮೊದಲ ದಿನ ಹಾಜರಿ ಕೂಗುವಾಗ ನಾನು ಯಾಕೆ ಬರಲಿಲ್ಲವೆಂದು ಸಿಸ್ಟರ್ ಕೇಳಿದರೇ? ಕೇಳಲಿಲ್ಲವೆಂದರೆ ಅದನ್ನೂ ಬರೆಯಿರಿ.